ಮಗುವಿಗೆ 18 ತುಂಬಿದ ಮೇಲೆ ಸಹಿ ಯಾರದು? ಗಾರ್ಡಿಯನ್‌ಶಿಪ್, ಉಯಿಲು, ಟ್ರಸ್ಟ್‌ಗಳಲ್ಲಿ ಯಾರಿಗೆ ಯಾವುದು

ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬೌದ್ಧಿಕ ಅಂಗವೈಕಲ್ಯ ಇರುವ ಮಗನಿಗೋ ಮಗಳಿಗೋ 18 ತುಂಬಿದ ದಿನ ಮನೆಯಲ್ಲಿ ಏನೂ ಬದಲಾಗುವುದಿಲ್ಲ. ಊಟ ಮಾಡಿಸುವವರು, ಮಾತ್ರೆ ಕೊಡುವವರು, ಥೆರಪಿಗೆ ಕರೆದೊಯ್ಯುವವರು ಎಲ್ಲ ಅವರೇ. ಕಾನೂನಿನ ಲೆಕ್ಕದಲ್ಲಿ ಮಾತ್ರ ಅಂದಿನಿಂದ ತಂದೆ-ತಾಯಿ ಅವರ ಗಾರ್ಡಿಯನ್ ಅಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಾಗಲಿ, 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯಾಗಲಿ ಅಪ್ರಾಪ್ತ ವಯಸ್ಕರಿಗಷ್ಟೇ ಅನ್ವಯಿಸುತ್ತವೆ. ಇದು ಸಾಮಾನ್ಯವಾಗಿ ಗೊತ್ತಾಗುವುದು ಬ್ಯಾಂಕಿನ ಕೌಂಟರಿನಲ್ಲಿ: ಮೈನರ್ ಖಾತೆಯನ್ನು ಮೇಜರ್ ಖಾತೆ ಮಾಡಬೇಕು, ಖಾತೆದಾರರೇ ಬಂದು ಸಹಿ ಹಾಕಬೇಕು, ಇಲ್ಲದಿದ್ದರೆ ಗಾರ್ಡಿಯನ್‌ಶಿಪ್ ಸರ್ಟಿಫಿಕೇಟ್ ತನ್ನಿ ಎನ್ನುತ್ತಾರೆ.

ಅಲ್ಲಿಂದ ಸಲಹೆಗಳ ಮಳೆ ಶುರುವಾಗುತ್ತದೆ. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ ಎಂದು ಒಬ್ಬರು, ಕೋರ್ಟಿನಿಂದಲೇ ಆಗಬೇಕು ಎಂದು ಇನ್ನೊಬ್ಬರು, ಟ್ರಸ್ಟ್ ಮಾಡಿಬಿಡಿ ಎಂದು ಮತ್ತೊಬ್ಬರು, ಉಯಿಲು ಬರೆದರೆ ಸಾಕು ಎಂದು ಮಗದೊಬ್ಬರು. ಈ ನಾಲ್ಕೂ ಒಂದೇ ಪ್ರಶ್ನೆಗೆ ಉತ್ತರಗಳಲ್ಲ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಗಾರ್ಡಿಯನ್‌ಶಿಪ್ ಎಂದರೆ ‘ಈ ವ್ಯಕ್ತಿಯ ಪರವಾಗಿ ನಿರ್ಧಾರ ಯಾರು ಮಾಡಬಹುದು’ ಎಂಬುದು. ಉಯಿಲು ಮತ್ತು ಟ್ರಸ್ಟ್ ಎಂದರೆ ‘ಇವರಿಗಾಗಿ ಇಟ್ಟ ಹಣ-ಆಸ್ತಿ ಯಾರ ಕೈಯಲ್ಲಿ, ಯಾವ ಷರತ್ತಿನ ಮೇಲೆ’ ಎಂಬುದು. ಹೆಚ್ಚಿನ ಮನೆಗಳಿಗೆ ಎರಡೂ ಕಡೆಯಿಂದ ಒಂದೊಂದು ಬೇಕಾಗುತ್ತದೆ. ಆ ಒಂದೊಂದು ಯಾವುದು ಎಂಬುದಷ್ಟೇ ಇಲ್ಲಿನ ಚರ್ಚೆ.

ಅಳೆಯುವುದು ಯಾವುದರಿಂದ

ಮೊದಲನೆಯದು ವೈಕಲ್ಯದ ಬಗೆ, ಏಕೆಂದರೆ ಯಾವ ಕಾನೂನಿನ ಬಾಗಿಲು ತೆರೆದಿದೆ ಎಂಬುದನ್ನು ಅದೇ ನಿರ್ಧರಿಸುತ್ತದೆ. 1999ರ ನ್ಯಾಷನಲ್ ಟ್ರಸ್ಟ್ (ಕೇಂದ್ರ ಸರ್ಕಾರದಡಿಯ ಒಂದು ಸಂಸ್ಥೆ) ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಎಂಬ ನಾಲ್ಕಕ್ಕೆ ಮಾತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯೂ ಸೇರಿ 21 ಬಗೆಗಳಿಗೆ. ಅಂಗವಿಕಲತೆಯ ಪ್ರಮಾಣಪತ್ರದಲ್ಲಿ ಅಥವಾ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿನಲ್ಲಿ ಯಾವ ಪದ ಬರೆದಿದೆ ಎಂದು ಈಗಲೇ ನೋಡಿಕೊಳ್ಳಿ. ಆಟಿಸಂ ಇರುವ ಮಗುವಿನ ಹಳೆಯ ಪ್ರಮಾಣಪತ್ರದಲ್ಲಿ ‘ಮಾನಸಿಕ ಕಾಯಿಲೆ’ ಎಂದಿದ್ದರೆ ನ್ಯಾಷನಲ್ ಟ್ರಸ್ಟ್ ದಾರಿಯಲ್ಲಿ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಮೊದಲು ಅದನ್ನು ತಿದ್ದಿಸಬೇಕು.

ಎರಡನೆಯದು ಆ ವ್ಯಕ್ತಿಗೆ ಏನು ಅರ್ಥವಾಗುತ್ತದೆ ಎಂಬುದು. ಐಕ್ಯೂ ಅಂಕಿಯೊಂದರಿಂದ ಇದು ತೀರುವುದಿಲ್ಲ, ವಿಷಯವಾರು ನೋಡಬೇಕು. ಅಂಗಡಿಯಲ್ಲಿ ನೂರು ರೂಪಾಯಿ ಕೊಟ್ಟು ಚಿಲ್ಲರೆ ಎಣಿಸಿಕೊಳ್ಳುವ ಹುಡುಗಿಗೆ ಜಮೀನಿನ ವಿಭಾಗಪತ್ರ ಅರ್ಥವಾಗದಿರಬಹುದು. ಯಾರ ಜತೆ ಇರಬೇಕು, ಯಾರು ಬೇಡ ಎಂಬುದು ಮಾತೇ ಬಾರದ ಹುಡುಗನಿಗೂ ಚೆನ್ನಾಗಿ ಗೊತ್ತಿರುತ್ತದೆ.

ಮೂರನೆಯದು, ಈಗ ಯಾವ ಕೆಲಸ ನಿಂತಿದೆ ಎಂಬುದು. ಬ್ಯಾಂಕ್ ಖಾತೆಯೋ, ಆಪರೇಷನ್ ಒಪ್ಪಿಗೆಯೋ, ಕುಟುಂಬ ಪಿಂಚಣಿಯೋ, ಪಿತ್ರಾರ್ಜಿತ ಆಸ್ತಿಯ ಪಾಲೋ? ಇದರೊಳಗೇ ಇನ್ನೊಂದು ಪ್ರಶ್ನೆಯಿದೆ: ಆಸ್ತಿ ಈಗಾಗಲೇ ಮಗುವಿನ ಹೆಸರಿನಲ್ಲಿದೆಯೇ ಅಥವಾ ಇನ್ನೂ ನಿಮ್ಮ ಹೆಸರಿನಲ್ಲಿದೆಯೇ? ನಿಮ್ಮ ಹೆಸರಿನಲ್ಲಿದ್ದರೆ ಕೈಯಲ್ಲಿ ಬೇಕಾದಷ್ಟು ಆಯ್ಕೆಗಳಿವೆ. ಪ್ರೀತಿಯಿಂದ ದಾನಪತ್ರ ಮಾಡಿ ಮಗುವಿನ ಹೆಸರಿಗೆ ಬರೆದಾಗಿದ್ದರೆ, ಅದನ್ನು ಮಾರಲು, ಅಡ ಇಡಲು, ಬಾಡಿಗೆ ಕರಾರು ಮಾಡಲು ಗಾರ್ಡಿಯನ್ ಇಲ್ಲದೆ ಆಗುವುದಿಲ್ಲ. ಈ ಕಾರಣಕ್ಕೇ, ಯೋಚನೆ ಮುಗಿಯುವ ತನಕ ಮಗುವಿನ ಹೆಸರಿಗೆ ನೇರವಾಗಿ ಏನನ್ನೂ ಬರೆಯಬೇಡಿ.

ಉಳಿದದ್ದು ಖರ್ಚು, ಸಮಯ, ಮತ್ತು ತಪ್ಪಾದರೆ ಹಿಂದಕ್ಕೆ ಬರುವ ದಾರಿ. ಕೊನೆಯದನ್ನು ಯಾರೂ ಕೇಳುವುದಿಲ್ಲ. ಕೇಳಲೇಬೇಕಾದದ್ದು ಅದೇ.

ಗಾರ್ಡಿಯನ್ ಬೇಡ: ಆಸರೆ ಸಾಕು

2016ರ ಕಾಯ್ದೆಯ 13ನೇ ಕಲಂ ಅಂಗವಿಕಲರಿಗೂ ಎಲ್ಲರಂತೆ ಆಸ್ತಿ ಹೊಂದುವ, ಹಣಕಾಸು ನೋಡಿಕೊಳ್ಳುವ, ಬ್ಯಾಂಕ್ ಸಾಲ ಪಡೆಯುವ ಹಕ್ಕನ್ನು ಒಪ್ಪುತ್ತದೆ. ಹಾಗಾಗಿ ಆರಂಭ ಇಲ್ಲಿಂದಲೇ ಆಗಬೇಕು. ಸೆರೆಬ್ರಲ್ ಪಾಲ್ಸಿಯಿಂದ ಕೈ ನಡುಗಿ ಸಹಿ ಬಾರದ, ಮಾತು ತೊದಲುವ, ಆದರೆ ತಲೆ ನಿಚ್ಚಳವಾಗಿರುವ ಯುವಕನಿಗೆ ಗಾರ್ಡಿಯನ್ ನೇಮಿಸುವುದು ಅನ್ಯಾಯ. ಅವನಿಗೆ ಬೇಕಾದದ್ದು ಹೆಬ್ಬೆಟ್ಟಿನ ಗುರುತಿನಿಂದ ನಡೆಯುವ ಖಾತೆ, ಬೇಕೆನಿಸಿದರೆ ನಂಬುವವರೊಬ್ಬರಿಗೆ ಕೊಡುವ ನೋಂದಾಯಿತ ಮುಖ್ತ್ಯಾರ್‌ನಾಮೆ, ಅಂದರೆ ಪವರ್ ಆಫ್ ಅಟಾರ್ನಿ. ಖರ್ಚು ಕಡಿಮೆ, ಬೇಡವೆನಿಸಿದ ದಿನ ಅವನೇ ರದ್ದು ಮಾಡಬಹುದು. ಆಸರೆಯ ಏರ್ಪಾಟನ್ನು ಬದಲಿಸುವ, ಮುರಿಯುವ ಹಕ್ಕನ್ನೂ ಅದೇ 13ನೇ ಕಲಂ ಕೊಡುತ್ತದೆ. ಆಸರೆ ಕೊಡುವವರಿಗೂ ಆ ವ್ಯಕ್ತಿಗೂ ಹಣದ ವಿಚಾರದಲ್ಲಿ ಹಿತಾಸಕ್ತಿಯ ಘರ್ಷಣೆ ಬಂದರೆ ಆ ವ್ಯವಹಾರದಿಂದ ಆಸರೆದಾರರು ದೂರ ಇರಬೇಕು ಎಂದೂ ಹೇಳುತ್ತದೆ.

ಎಲ್ಲಿ ಕೈಕೊಡುತ್ತದೆ? ಮುಖ್ತ್ಯಾರ್‌ನಾಮೆ ನಿಲ್ಲುವುದು ಬರೆದುಕೊಟ್ಟವರ ತಿಳಿವಳಿಕೆಯ ಮೇಲೆ. ಬರೆಯುವಾಗಲೇ ಅರ್ಥವಾಗದಿದ್ದರೆ ಆ ಪತ್ರ ಊರ್ಜಿತವಲ್ಲ. ಮುಂದೆ ಮನಸ್ಸಿನ ಸ್ವಾಸ್ಥ್ಯ ತಪ್ಪಿದರೂ 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ ಅದು ಅಲ್ಲಿಗೇ ಮುಗಿಯುತ್ತದೆ. ಮರೆವಿನ ಕಾಯಿಲೆ ಶುರುವಾದ ತಂದೆಯಿಂದ ಜಿಪಿಎ (ಸಾಮಾನ್ಯ ಮುಖ್ತ್ಯಾರ್‌ನಾಮೆ) ಬರೆಸಿಕೊಂಡು ‘ಇನ್ನು ಚಿಂತೆಯಿಲ್ಲ’ ಎಂದುಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ಅದು ಅತ್ಯಂತ ಬೇಕಾಗುವ ಹೊತ್ತಿಗೇ ಸತ್ತಿರುತ್ತದೆ. ಬೌದ್ಧಿಕ ವೈಕಲ್ಯ ಗಾಢವಾಗಿರುವ ವ್ಯಕ್ತಿಯಿಂದ ಜಿಪಿಎಗೆ ಹೆಬ್ಬೆಟ್ಟು ಒತ್ತಿಸುವುದಂತೂ ಬೇಡವೇ ಬೇಡ. ನಾಳೆ ಒಬ್ಬ ದಾಯಾದಿ ಪ್ರಶ್ನಿಸಿದರೆ ಅದರ ಮೇಲೆ ನಡೆದ ಎಲ್ಲ ವ್ಯವಹಾರವೂ ಅಲುಗಾಡುತ್ತದೆ.

ಸ್ಥಳೀಯ ಮಟ್ಟದ ಸಮಿತಿ: ನ್ಯಾಷನಲ್ ಟ್ರಸ್ಟ್ ಗಾರ್ಡಿಯನ್‌ಶಿಪ್

ಮೇಲಿನ ನಾಲ್ಕು ಬಗೆಗಳಲ್ಲಿ ಯಾವುದಾದರೂ ಇದ್ದು, ಅರ್ಥಮಾಡಿಕೊಳ್ಳುವ ಶಕ್ತಿ ನಿಜವಾಗಿಯೂ ಕಡಿಮೆಯಿದ್ದರೆ ಇದೇ ಹತ್ತಿರದ, ಅಗ್ಗದ ದಾರಿ. ಸಮಿತಿಯಲ್ಲಿ ಮೂವರು: ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಮತ್ತು ಒಬ್ಬ ಅಂಗವಿಕಲ ವ್ಯಕ್ತಿ. ತಂದೆ-ತಾಯಿ, ಸಂಬಂಧಿ ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು. ನಮೂನೆ ‘ಎ’ಯಲ್ಲಿ ಅರ್ಜಿ, ಒಪ್ಪಿದರೆ ನಮೂನೆ ‘ಬಿ’ಯಲ್ಲಿ ಆದೇಶ. ವಕೀಲರು ಬೇಕಿಲ್ಲ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿದರೆ ಸಮಿತಿಯ ಸ್ಥಿತಿ ತಿಳಿಯುತ್ತದೆ. ಹಳ್ಳಿಗಳಲ್ಲಿರುವವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು.

ಜತೆಗೆ ಹೋಗಬೇಕಾದ ಕಾಗದಗಳು: ಅಂಗವಿಕಲತೆಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಇಬ್ಬರದೂ ಆಧಾರ್ ಮತ್ತು ಫೋಟೊ, ಗಾರ್ಡಿಯನ್ ಆಗುವವರ ಒಪ್ಪಿಗೆ ಪತ್ರ, ಮಗುವಿನ ಹೆಸರಿನಲ್ಲಿರುವ ಆಸ್ತಿಯ ಪಟ್ಟಿ. ಇದರ ಮೇಲೆ ಒಡಹುಟ್ಟಿದವರ ನಿರಾಕ್ಷೇಪಣಾ ಪತ್ರವನ್ನೂ ಸೇರಿಸಿ. ಕೇಳದಿದ್ದರೂ ಕೊಡಿ, ಮುಂದೆ ತಕರಾರು ಬಂದಾಗ ಬೆನ್ನಿಗೆ ನಿಲ್ಲುವ ಕಾಗದ ಅದು. ಅರ್ಜಿ 18 ತುಂಬಿದ ಮೇಲೆ. ಕಾಗದಗಳನ್ನು ಮಾತ್ರ 17ರಲ್ಲೇ ಜೋಡಿಸಿಟ್ಟುಕೊಳ್ಳಿ.

ನಿಯಮಗಳ ಒಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಹೆಣ್ಣುಮಗಳಿಗೆ ಒಂಟಿ ಗಂಡಸನ್ನು ಗಾರ್ಡಿಯನ್ ಮಾಡುವುದಿಲ್ಲ. ಮದುವೆಯಾದ ಅಣ್ಣನಾದರೆ ಅತ್ತಿಗೆಯೂ ಜತೆಗಾರ್ಡಿಯನ್ ಆಗಬೇಕು. ಅತ್ತಿಗೆಯನ್ನು ಕೇಳದೆ ಅಣ್ಣನ ಹೆಸರು ಬರೆದುಕೊಂಡು ಹೋದವರು ವಾಪಸು ಬರಬೇಕಾಗುತ್ತದೆ. ಕೇಳುವುದು ಕಾನೂನಿಗಾಗಿ ಮಾತ್ರವಲ್ಲ, ನಾಳೆ ನೋಡಿಕೊಳ್ಳುವ ಕೈಗಳು ಅವರದೂ ಹೌದು.

ಅರ್ಜಿಯಲ್ಲಿ ಅತ್ಯಂತ ಎಚ್ಚರಿಕೆ ಬೇಕಿರುವುದು ‘ಗಾರ್ಡಿಯನ್ ಯಾವ ಉದ್ದೇಶಕ್ಕೆ’ ಎಂಬಲ್ಲಿ. ಗಾರ್ಡಿಯನ್ ಬೇಕೇ, ಬೇಕಾದರೆ ಯಾವ ಉದ್ದೇಶಗಳಿಗೆ ಎಂಬುದನ್ನು ಸಮಿತಿ ಪರಿಶೀಲಿಸಬೇಕೆಂದು ನ್ಯಾಷನಲ್ ಟ್ರಸ್ಟ್ ಕಾಯ್ದೆಯ 14ನೇ ಕಲಮೇ ಹೇಳುತ್ತದೆ. ಹೆಚ್ಚಿನವರು ‘ಎಲ್ಲ ವ್ಯವಹಾರಗಳಿಗೆ’ ಎಂದು ಎರಡು ಪದ ಬರೆದು ಮುಗಿಸುತ್ತಾರೆ. ಇದರಿಂದ ಎರಡು ಕಡೆ ನಷ್ಟ. ಮಗುವಿನ ಪರ ಎಲ್ಲವೂ ಬೇರೊಬ್ಬರ ಕೈಗೆ ಹೋಗುತ್ತದೆ. ಬ್ಯಾಂಕಿನವರೋ ಸಬ್ ರಿಜಿಸ್ಟ್ರಾರೋ ‘ಇದರಲ್ಲಿ ನಿರ್ದಿಷ್ಟವಾಗಿ ಏನೂ ಇಲ್ಲವಲ್ಲ’ ಎಂದು ತಿರುಗಿ ಕಳಿಸುತ್ತಾರೆ. ಹೀಗೆ ಬರೆಯಿರಿ (ವಾರ್ಡ್ ಎಂದರೆ ಯಾರಿಗಾಗಿ ಗಾರ್ಡಿಯನ್ ನೇಮಕವಾಗುತ್ತಾರೋ ಆ ವ್ಯಕ್ತಿ):

“ವಾರ್ಡಿನ ಹೆಸರಿನಲ್ಲಿ ಉಳಿತಾಯ ಮತ್ತು ಠೇವಣಿ ಖಾತೆ ತೆರೆದು ನಡೆಸುವುದು, ವಾರ್ಡಿಗೆ ಬರುವ ಕುಟುಂಬ ಪಿಂಚಣಿ ಮತ್ತು ಮಾಸಾಶನ ಪಡೆಯುವುದು, ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಜಮೀನಿನಲ್ಲಿ ವಾರ್ಡಿನ ಪಾಲಿನ ಖಾತೆ ಬದಲಾವಣೆ ಮಾಡಿಸಿ, ಆ ಪಾಲನ್ನು ನಿರ್ವಹಿಸುವುದು, ವಾರ್ಡಿಗೆ ತಿಳಿಯುವಂತೆ ಹೇಳಿ, ಅವರ ಇಷ್ಟ ಕೇಳಿದ ಮೇಲೆ ಚಿಕಿತ್ಸೆಗೆ ಸಮ್ಮತಿ ನೀಡುವುದು.”

ಸರ್ವೆ ನಂಬರ್ ಇರುವ ಸಾಲೇ ಮುಂದೆ ನಾಡಕಚೇರಿಯಲ್ಲಿ ಕೆಲಸಕ್ಕೆ ಬರುವುದು. ಆಸ್ತಿ ಮಾರಾಟದ ಮಾತು ಬಂದಾಗ ಸಮಿತಿಯ ಸರ್ಟಿಫಿಕೇಟ್ ಒಂದೇ ಸಾಲದೆ ಕೋರ್ಟ್ ಅನುಮತಿ ಕೇಳುವ ಕಚೇರಿಗಳೂ ಇವೆ. ದೊಡ್ಡ ಆಸ್ತಿ ಮಾರುವ ಯೋಚನೆ ಇದ್ದರೆ ಆ ಹೆಜ್ಜೆಯನ್ನೂ ಸಮಯದ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬ್ಯಾಂಕಿನ ವಿಚಾರ ಹಾಗಲ್ಲ. ಖಾತೆ ತೆರೆದು ನಡೆಸಲು ಈ ಸಮಿತಿಯ ಸರ್ಟಿಫಿಕೇಟನ್ನು ಒಪ್ಪಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸೂಚಿಸಿದೆ. ಶಾಖೆಯವರು ಕೋರ್ಟ್ ಆದೇಶವೇ ಬೇಕೆಂದರೆ ಕಾರಣವನ್ನು ಬರಹದಲ್ಲಿ ಕೊಡಿ ಎಂದು ಕೇಳಿ.

ಹೊಣೆಯೂ ಇದೆ. ನೇಮಕವಾದ 6 ತಿಂಗಳೊಳಗೆ ವಾರ್ಡಿನ ಆಸ್ತಿ, ಸಾಲ, ಬರಬೇಕಾದ ಬಾಕಿಗಳ ಪಟ್ಟಿಯನ್ನು ಸಮಿತಿಗೆ ಸಲ್ಲಿಸಬೇಕು. ಪ್ರತಿ ಹಣಕಾಸು ವರ್ಷ ಮುಗಿದ 3 ತಿಂಗಳೊಳಗೆ, ಅಂದರೆ ಜೂನ್ ಕೊನೆಯೊಳಗೆ, ಲೆಕ್ಕ ಕೊಡಬೇಕು. ಯಾರೂ ಕೇಳುವುದಿಲ್ಲ ಎಂದು ಬಿಟ್ಟವರಿಗೆ, ಹಣ ದುರುಪಯೋಗವಾಗಿದೆ ಎಂದು ಸಂಬಂಧಿಯೊಬ್ಬರು 17ನೇ ಕಲಮಿನಲ್ಲಿ ದೂರು ಕೊಟ್ಟಾಗ ತೋರಿಸಲು ಏನೂ ಇರುವುದಿಲ್ಲ. ವಾರ್ಡಿಗೆ ಪ್ರತ್ಯೇಕ ಖಾತೆ ಇಟ್ಟು, ಅವರ ಖರ್ಚೆಲ್ಲ ಅದರಿಂದಲೇ ಮಾಡಿದರೆ ಪಾಸ್‌ಬುಕ್ಕೇ ಅರ್ಧ ಲೆಕ್ಕ. ಇದೇ ದೂರಿನ ಅವಕಾಶ ಮಗುವಿಗೆ ರಕ್ಷಣೆಯೂ ಹೌದು. ನಿರ್ಲಕ್ಷಿಸಿದ, ಹಿಂಸಿಸಿದ, ಹಣ ನುಂಗಿದ ಗಾರ್ಡಿಯನ್‌ನನ್ನು ತೆಗೆಯಲು ತಂದೆ-ತಾಯಿ, ಸಂಬಂಧಿ ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು.

ಈ ದಾರಿಯ ದೌರ್ಬಲ್ಯ ಸಮಯದ್ದು. ಸಮಿತಿ 3 ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾಯ್ದೆಯಲ್ಲಿದೆ. ಎಲ್ಲ ಜಿಲ್ಲೆಗಳಲ್ಲೂ ಹಾಗೆ ನಡೆಯುವುದಿಲ್ಲ. ಸದಸ್ಯರ ಅವಧಿ ಮುಗಿದು ಹೊಸಬರ ನೇಮಕ ಬಾಕಿಯಿದ್ದರೆ ಅರ್ಜಿ ಕಾಯುತ್ತದೆ. ಸ್ವೀಕೃತಿ ಪಡೆಯಿರಿ. ಸದ್ದಿಲ್ಲದಿದ್ದರೆ ಮುಂದಿನ ಸಭೆಯ ದಿನಾಂಕ ಕೇಳಿ ಮಾಹಿತಿ ಹಕ್ಕು ಅರ್ಜಿ ಹಾಕುವುದೇ ಹಲವೆಡೆ ಕಡತವನ್ನು ಎಬ್ಬಿಸುವ ದಾರಿ.

ಸೀಮಿತ ಪಾಲಕತ್ವ: ಜಿಲ್ಲಾ ನ್ಯಾಯಾಲಯ

2016ರ ಕಾಯ್ದೆಯ 14ನೇ ಕಲಂ ತಂದದ್ದು ಬೇರೆಯೇ ಕಲ್ಪನೆ. ಆಸರೆ ಕೊಟ್ಟರೂ ಕಾನೂನುಬದ್ಧ ನಿರ್ಧಾರ ಮಾಡಲಾಗದ ವ್ಯಕ್ತಿಗೆ ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಗೊತ್ತುಮಾಡಿದ ಪ್ರಾಧಿಕಾರ ಸೀಮಿತ ಗಾರ್ಡಿಯನ್ ಕೊಡಬಹುದು. ಸೀಮಿತ ಎಂದರೆ ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ನಿರ್ಧಾರಕ್ಕೆ, ಇಬ್ಬರೂ ಸೇರಿ, ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ. ಬೇರೆ ಕಾನೂನಿನಡಿ ನೇಮಕವಾದ ಗಾರ್ಡಿಯನ್ ಕೂಡ ಸೀಮಿತ ಗಾರ್ಡಿಯನ್‌ನಂತೆಯೇ ನಡೆದುಕೊಳ್ಳಬೇಕು ಎಂದೂ ಅದರಲ್ಲಿದೆ. ಸಮಿತಿಯ ಸರ್ಟಿಫಿಕೇಟ್ ಹಿಡಿದವರೂ ‘ನಾನು ಹೇಳಿದ್ದೇ ಆಯಿತು’ ಎನ್ನುವಂತಿಲ್ಲ.

ಇದು ಯಾರಿಗೆ? ಒಂದೇ ಒಂದು ದೊಡ್ಡ ಕೆಲಸ ನಿಂತಿರುವವರಿಗೆ: ಮನೆಯ ಪಾಲು ಮಾರಬೇಕು, ಅಪಘಾತದ ಪರಿಹಾರದ ಹಣ ಪಡೆಯಬೇಕು, ಅಷ್ಟೇ. ಕೆಲಸ ಮುಗಿದರೆ ಅಧಿಕಾರವೂ ಮುಗಿಯುತ್ತದೆ, ಉಳಿದ ಬದುಕು ಆ ವ್ಯಕ್ತಿಯದಾಗಿಯೇ ಇರುತ್ತದೆ. ಮಾನಸಿಕ ಕಾಯಿಲೆ ಇರುವವರ ಕುಟುಂಬಗಳಿಗೂ ಇದು ಮುಖ್ಯ. 1987ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯ ಆಸ್ತಿಗೆ ಗಾರ್ಡಿಯನ್ ಅಥವಾ ಮ್ಯಾನೇಜರ್ ನೇಮಿಸುತ್ತಿತ್ತು. 2018ರ ಮೇ 29ರಿಂದ ಜಾರಿಯಾದ 2017ರ ಮಾನಸಿಕ ಆರೋಗ್ಯ ಸೇವಾ ಕಾಯ್ದೆಯಲ್ಲಿ ಆ ಏರ್ಪಾಟು ಇಲ್ಲ. ಅದರಲ್ಲಿರುವುದು ಚಿಕಿತ್ಸೆಗಷ್ಟೇ ಸಂಬಂಧಿಸಿದ ‘ನಾಮನಿರ್ದೇಶಿತ ಪ್ರತಿನಿಧಿ’. ಆ ಪತ್ರ ಹಿಡಿದು ಬ್ಯಾಂಕಿಗೆ ಹೋದರೆ ಪ್ರಯೋಜನವಿಲ್ಲ.

ಆದರೆ ಸಮಿತಿಯ ದಾರಿಗಿಂತ ಇದು ಭಾರ. ವಕೀಲರು, ವೈದ್ಯಕೀಯ ಸಾಕ್ಷ್ಯ, ಮುಂದೂಡಿಕೆಗಳು. ಪ್ರತಿ ಹೊಸ ಕೆಲಸಕ್ಕೂ ಮತ್ತೆ ಕಟ್ಟೆ ಹತ್ತಬೇಕಾಗಬಹುದು. ಹಾಗೆ ಪದೇ ಪದೇ ಬೇಕಾಗುವವರಿಗೆ ಪೂರ್ಣ ಬೆಂಬಲ ಕೊಡಲೂ ಕಾಯ್ದೆಯಲ್ಲಿ ಅವಕಾಶವಿದೆ. ವಕೀಲರ ಖರ್ಚಿಗೆ ಹೆದರಿ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ಹಕ್ಕಿದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ ಅಥವಾ 15100ಕ್ಕೆ ಕರೆ ಮಾಡಿ.

ಹೈಕೋರ್ಟ್: ಬೇರೆ ಬಾಗಿಲೇ ಇಲ್ಲದಾಗ

ಅಪಘಾತವಾಗಿ ಕೋಮಾದಲ್ಲಿರುವ ಗಂಡ, ಮರೆವಿನ ಕಾಯಿಲೆ ಮುಂದುವರಿದ ತಾಯಿ. ಇವರು ನ್ಯಾಷನಲ್ ಟ್ರಸ್ಟ್ ವ್ಯಾಪ್ತಿಗೆ ಬರುವುದಿಲ್ಲ. ಆಸ್ಪತ್ರೆ ಬಿಲ್ ಕಟ್ಟಲು ಅವರ ಖಾತೆಯ ಹಣವನ್ನೇ ಮುಟ್ಟಲಾಗದ ಸ್ಥಿತಿ ಬರುತ್ತದೆ. ಆಗ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಕೋಮಾ ರೋಗಿಗಳ ಗಾರ್ಡಿಯನ್ ನೇಮಕದ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಮಾರ್ಗಸೂಚಿ ಹಾಕಿಕೊಟ್ಟಿದೆ: ಎಲ್ಲ ಆಸ್ತಿಯ ವಿವರ, ಎಲ್ಲ ವಾರಸುದಾರರ ವಿವರ, ವೈದ್ಯಕೀಯ ಮಂಡಳಿಯ ವರದಿ, ಕಂದಾಯ ಅಧಿಕಾರಿಯ ವಿಚಾರಣೆ, ನೇಮಕದ ನಂತರ ನಿಯತವಾಗಿ ಲೆಕ್ಕ. ಬೇರೆ ರಾಜ್ಯದ ಹೈಕೋರ್ಟಿಗೆ ಅದು ಕಟ್ಟುಪಾಡಲ್ಲದಿದ್ದರೂ ಅರ್ಜಿಯನ್ನು ಆ ಅಚ್ಚಿನಲ್ಲಿ ಸಿದ್ಧಪಡಿಸಿದರೆ ಮೊದಲ ವಿಚಾರಣೆಯಲ್ಲೇ ‘ಇದು ತನ್ನಿ, ಅದು ತನ್ನಿ’ ಎಂಬ ಸುತ್ತಾಟ ತಪ್ಪುತ್ತದೆ. ಕರ್ನಾಟಕದವರಿಗೆ ಬೆಂಗಳೂರಷ್ಟೇ ಅಲ್ಲ, ಧಾರವಾಡ, ಕಲಬುರಗಿ ಪೀಠಗಳೂ ಇವೆ. ಆಟಿಸಂ, ಬೌದ್ಧಿಕ ವೈಕಲ್ಯದವರು ಇಲ್ಲಿಗೆ ಬರುವ ಅಗತ್ಯ ಬಹಳ ಅಪರೂಪ.

ಯಾವ ದಾರಿಯ ಗಾರ್ಡಿಯನ್ ಆದರೂ ದೇಹದ ಮೇಲಿನ ಹಕ್ಕು ಪೂರ್ತಿ ಅವರದಾಗುವುದಿಲ್ಲ. ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ, ಸೌಮ್ಯ ಬೌದ್ಧಿಕ ವೈಕಲ್ಯದ ಗರ್ಭಿಣಿಯೊಬ್ಬರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಆಕೆಗೆ ಮಗು ಬೇಕೆಂದಿರುವಾಗ ಆಕೆಯ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡುವಂತಿಲ್ಲ ಎಂದಿತು. ‘ಗಾರ್ಡಿಯನ್‌ಶಿಪ್ ಬಂತಲ್ಲ, ಗರ್ಭಕೋಶ ತೆಗೆಸಿಬಿಡೋಣ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದಕ್ಕೆ ಆ ಸರ್ಟಿಫಿಕೇಟ್ ಪರವಾನಗಿಯಲ್ಲ.

ಇನ್ನು ಹಣ: ಬರಿ ಉಯಿಲು ಸಾಕೇ?

ಏನನ್ನೂ ಬರೆಯದೆ ಹೋದರೆ ಏನಾಗುತ್ತದೆ ಎಂಬುದನ್ನು ಮೊದಲು ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮಿನಂತೆ ಕಾಯಿಲೆ ಅಥವಾ ಅಂಗವೈಕಲ್ಯದ ಕಾರಣಕ್ಕೆ ಯಾರೂ ವಾರಸು ಹಕ್ಕು ಕಳೆದುಕೊಳ್ಳುವುದಿಲ್ಲ. ಆದ್ದರಿಂದ ಆ ಮಗುವಿಗೂ ಸಮಪಾಲು ಬರುತ್ತದೆ. ಬಂದ ಪಾಲಿಗೆ ಸಹಿ ಹಾಕುವವರಿಲ್ಲದೆ ಇಡೀ ಆಸ್ತಿಯೇ ಸಿಕ್ಕಿಕೊಳ್ಳುತ್ತದೆ. ಆಗ ಅಣ್ಣನೇ ಗಾರ್ಡಿಯನ್ ಆಗಿ, ತಮ್ಮನ ಪಾಲನ್ನು ತನಗೇ ಹಕ್ಕು ಬಿಡುಗಡೆ ಮಾಡಿಕೊಳ್ಳುವ ಸನ್ನಿವೇಶ ಬರುತ್ತದೆ. ಇದು ನೇರ ಹಿತಾಸಕ್ತಿಯ ಘರ್ಷಣೆ. ಪಾಲುದಾರನೇ ಆ ಪಾಲಿನ ವಿಭಾಗಕ್ಕೆ ಗಾರ್ಡಿಯನ್ ಆಗಿ ಸಹಿ ಹಾಕಬಾರದು.

ಉಯಿಲಿನ ಅನುಕೂಲ ಅಗ್ಗ ಮತ್ತು ಸರಳತೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿದರೆ ಸಾಕು, ಎಷ್ಟು ಸಲ ಬೇಕಾದರೂ ಬದಲಿಸಬಹುದು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಲಾಭ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಆದರೆ ಎರಡು ಭ್ರಮೆ ಬಿಡಿ. ಒಂದು: ವಯಸ್ಕ ಮಗುವಿಗೆ ಉಯಿಲಿನ ಮೂಲಕ ಗಾರ್ಡಿಯನ್ ನೇಮಿಸಲಾಗುವುದಿಲ್ಲ. ಆ ಅಧಿಕಾರ ಅಪ್ರಾಪ್ತ ಮಕ್ಕಳ ವಿಷಯದಲ್ಲಿ ಮಾತ್ರ. ಇಂಥವರು ಆಗಲಿ ಎಂದು ಇಷ್ಟ ಬರೆಯಬಹುದು, ನೇಮಕ ಸಮಿತಿಯದೋ ಕೋರ್ಟಿನದೋ. ಎರಡು: ‘ಮಗನಿಗೆ ಮನೆ’ ಎಂದು ನೇರವಾಗಿ ಬರೆದರೆ ಮೊದಲು ಹೇಳಿದ ಕಷ್ಟವೇ ಮತ್ತೆ ಬರುತ್ತದೆ. ನಾಮಿನಿ ಮಾಡಿದ್ದೇವೆ ಎಂಬುದೂ ಪರಿಹಾರವಲ್ಲ. ಷೇರುಗಳ ವಿಷಯದಲ್ಲಿ ನಾಮಿನಿ ಮಾಲೀಕನಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಮತ್ತೆ ಸ್ಪಷ್ಟಪಡಿಸಿದೆ.

ಟ್ರಸ್ಟ್: ಈಗಲೇ ಅಥವಾ ಉಯಿಲಿನೊಳಗೆ

1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಖಾಸಗಿ ಟ್ರಸ್ಟ್ ಇದು. ಮೇಲೆ ಹೇಳಿದ ನ್ಯಾಷನಲ್ ಟ್ರಸ್ಟ್‌ಗೂ ಇದಕ್ಕೂ ಸಂಬಂಧವಿಲ್ಲ. ಆಸ್ತಿಯ ಒಡೆತನ ಟ್ರಸ್ಟಿಗಳದು, ಅನುಭೋಗ ಮಗುವಿನದು. ಟ್ರಸ್ಟಿಯೇ ಸಹಿ ಹಾಕುವುದರಿಂದ ಟ್ರಸ್ಟಿನ ಆಸ್ತಿಗೆ ಗಾರ್ಡಿಯನ್ ಸರ್ಟಿಫಿಕೇಟ್ ಬೇಕಿಲ್ಲ. ಇದರ ದೊಡ್ಡ ಗುಣ ಅದೇ.

ಬದುಕಿರುವಾಗಲೇ ಟ್ರಸ್ಟ್ ಮಾಡಿದರೆ ಅದು ಹೇಗೆ ನಡೆಯುತ್ತದೆಂದು ನೀವೇ ನೋಡಿ ತಿದ್ದಬಹುದು. ಬೆಲೆಯೂ ಇದೆ: ಪತ್ರ ಬರೆಸುವ ಶುಲ್ಕ, ಸ್ಥಿರಾಸ್ತಿ ಸೇರಿಸಿದರೆ ನೋಂದಣಿ ಮತ್ತು ಮುದ್ರಾಂಕ ಶುಲ್ಕ, ಪ್ಯಾನ್, ಪ್ರತಿ ವರ್ಷ ರಿಟರ್ನ್. ಪಾಲು ನಿಗದಿಯಾಗಿರುವ ಟ್ರಸ್ಟಿಗೆ ಫಲಾನುಭವಿಯ ದರದಲ್ಲಿ ತೆರಿಗೆ. ಟ್ರಸ್ಟಿಗಳ ವಿವೇಚನೆಗೆ ಬಿಟ್ಟಿದ್ದರೆ ಸಾಮಾನ್ಯವಾಗಿ ಗರಿಷ್ಠ ದರ. ಒಂದೇ ಮಗು ಫಲಾನುಭವಿಯಾಗಿರುವಾಗ ‘ವಿವೇಚನೆ’ ಎಂಬ ಪದ ಸುಮ್ಮನೆ ನುಸುಳದಂತೆ ಲೆಕ್ಕಪರಿಶೋಧಕರಿಗೆ ಕರಡು ತೋರಿಸಿ.

ಉಯಿಲಿನೊಳಗೇ ಟ್ರಸ್ಟ್ ಬರೆದರೆ ಈಗ ಖರ್ಚಿಲ್ಲ. ನಿಮ್ಮ ಕಾಲಾನಂತರ ಅದು ಹುಟ್ಟುತ್ತದೆ. ಆದರೆ ಆಗ ತಿದ್ದಲು ನೀವಿರುವುದಿಲ್ಲ, ಉಯಿಲಿಗೆ ತಕರಾರು ಬಂದರೆ ಟ್ರಸ್ಟೂ ಕಾಯುತ್ತದೆ, ಮಗುವಿನ ತಿಂಗಳ ಖರ್ಚು ಕಾಯುವುದಿಲ್ಲ. ನಡುವಿನ ದಾರಿಯೊಂದಿದೆ: ಸಣ್ಣ ಮೊತ್ತದಿಂದ ಟ್ರಸ್ಟನ್ನು ಈಗಲೇ ಶುರುಮಾಡಿ, ಮನೆ ಮತ್ತು ಠೇವಣಿ ಕಾಲಾನಂತರ ಅದಕ್ಕೇ ಸೇರಲಿ ಎಂದು ಉಯಿಲಿನಲ್ಲಿ ಬರೆಯುವುದು. ಸಾಧಾರಣ ಆಸ್ತಿಯ ಕುಟುಂಬಗಳಿಗೆ ಇದು ಹೊಂದುತ್ತದೆ.

ಟ್ರಸ್ಟ್ ಹಾಳಾಗುವುದು ಹೆಚ್ಚಾಗಿ ಒಂದು ಷರತ್ತಿನಿಂದ. ಮಗುವಿನ ಕಾಲಾನಂತರ ಉಳಿದದ್ದು ಯಾರಿಗೆ? ನೋಡಿಕೊಳ್ಳುವ ಅಕ್ಕನೇ ಏಕೈಕ ಟ್ರಸ್ಟಿ, ಉಳಿದದ್ದೂ ಅಕ್ಕನಿಗೇ ಎಂದು ಬರೆದರೆ, ತಮ್ಮನಿಗೆ ಖರ್ಚು ಮಾಡುವ ಪ್ರತಿ ರೂಪಾಯಿಯೂ ಅವಳ ಕೈಯಿಂದ ಹೋದಂತೆ. ಎಷ್ಟೇ ಒಳ್ಳೆಯವಳಾದರೂ ಆ ಸಂಕಟಕ್ಕೆ ಅವಳನ್ನು ಒಡ್ಡಬೇಡಿ. ಟ್ರಸ್ಟಿಗಳು ಮೂವರಿರಲಿ, ಒಬ್ಬರು ಕುಟುಂಬದ ಹೊರಗಿನವರಿರಲಿ, ಜತೆಗಿದ್ದು ನೋಡಿಕೊಳ್ಳುವವರ ಶ್ರಮಕ್ಕೆ ತಿಂಗಳಿಗೆ ಇಷ್ಟು ಎಂದು ಟ್ರಸ್ಟಿನಿಂದಲೇ ಗೌರವಧನ ಗೊತ್ತುಮಾಡಿ.

ಆಸ್ತಿಯೇ ಇಲ್ಲದ, ಸಂಬಳದ ಮೇಲೆ ನಡೆಯುವ ಮನೆಗೆ? 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 6ನೇ ಕಲಮಿನಡಿ, ಮದುವೆಯಾದ ಗಂಡಸು ಹೆಂಡತಿ-ಮಕ್ಕಳ ಹೆಸರು ಬರೆದು ಟರ್ಮ್ ಪಾಲಿಸಿ ತೆಗೆದರೆ ಆ ಪಾಲಿಸಿಯೇ ಒಂದು ಟ್ರಸ್ಟ್ ಆಗುತ್ತದೆ. ಸಾಲಗಾರರು ಅದನ್ನು ಸುಲಭಕ್ಕೆ ಮುಟ್ಟಲಾರರು. ಪಾಲಿಸಿ ತೆಗೆಯುವಾಗಲೇ ಈ ಕಾಯ್ದೆಯ ಎಂಡಬ್ಲ್ಯೂಪಿ ನಮೂನೆ ತುಂಬಿ ಟ್ರಸ್ಟಿಯ ಹೆಸರು ಹಾಕಬೇಕು. ಪ್ರೀಮಿಯಂ ಬಿಟ್ಟರೆ ಬೇರೆ ಖರ್ಚಿಲ್ಲ.

ಸರ್ಕಾರಿ ನೌಕರರು ಗಮನಿಸಬೇಕಾದ್ದು

ಕೇಂದ್ರ ಸರ್ಕಾರದ ನೌಕರರ ದುಡಿದು ಬದುಕಲಾಗದ ಅಂಗವಿಕಲ ಮಗುವಿಗೆ ಕುಟುಂಬ ಪಿಂಚಣಿ ಜೀವನಪರ್ಯಂತ ಸಿಗುತ್ತದೆ. ರಾಜ್ಯ ನೌಕರರಿಗೆ ಪ್ರತ್ಯೇಕ ನಿಯಮಗಳಿವೆ, ನಿಮ್ಮ ಇಲಾಖೆಯ ಆದೇಶ ನೋಡಿ. ಕೇಂದ್ರದಲ್ಲಿ 2021ರಿಂದ ಮಗುವಿನ ಇತರ ಆದಾಯದ ಮಿತಿ ನೌಕರರ ಕೊನೆಯ ವೇತನದ 30% ಮತ್ತು ಅದರ ಮೇಲಿನ ತುಟ್ಟಿಪರಿಹಾರ. ಇಲ್ಲಿ ಆಯ್ಕೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಬಾಡಿಗೆ ಬರುವ ಮನೆಯನ್ನು ಮಗುವಿನ ಹೆಸರಿಗೆ ಬರೆದರೆ ಆ ಬಾಡಿಗೆಯೇ ಪಿಂಚಣಿಗೆ ಕುತ್ತಾಗಬಹುದು. ನಿಗದಿತ ಪಾಲಿನ ಟ್ರಸ್ಟಿನ ಆದಾಯದ ಬಗ್ಗೆಯೂ ಇದೇ ಎಚ್ಚರ ಬೇಕು. ಪಿಂಚಣಿ ದೊಡ್ಡದಿದ್ದರೆ ಆದಾಯ ತರುವ ಆಸ್ತಿಗಿಂತ ವಾಸದ ಮನೆಯನ್ನು ಟ್ರಸ್ಟಿಗೆ ಸೇರಿಸುವುದು ಮೇಲು. ನೀವು ಬದುಕಿರುವಾಗಲೇ ಮಗುವಿನ ಹೆಸರನ್ನು ಪಿಪಿಒಗೆ (ಪಿಂಚಣಿ ಪಾವತಿ ಆದೇಶಕ್ಕೆ) ಸೇರಿಸಿ, ಪಿಂಚಣಿ ಪಡೆಯುವ ಗಾರ್ಡಿಯನ್‌ನ ನಾಮನಿರ್ದೇಶನವನ್ನೂ ಕೊಡಿ.

ಯಾರಿಗೆ ಯಾವ ಜೋಡಿ

ಸೌಮ್ಯ ಬೌದ್ಧಿಕ ವೈಕಲ್ಯ, ಸಣ್ಣ ಕೆಲಸಕ್ಕೂ ಹೋಗುವ ಮಗಳು, ಮನೆ ಇನ್ನೂ ನಿಮ್ಮ ಹೆಸರಿನಲ್ಲಿದೆ: ಈಗ ಗಾರ್ಡಿಯನ್ ಬೇಡ. ಅವಳ ಸಂಬಳಕ್ಕೆ ಅವಳದೇ ಖಾತೆ, ಮನೆಗೆ ಉಯಿಲಿನೊಳಗಿನ ಟ್ರಸ್ಟ್.

ಗಾಢ ವೈಕಲ್ಯ, ದಿನವಿಡೀ ಆರೈಕೆ, ತಂದೆಯ ಪಿಂಚಣಿಯೇ ಆಧಾರ: ಉದ್ದೇಶ ಬಿಡಿಸಿ ಬರೆದ ಸಮಿತಿಯ ಗಾರ್ಡಿಯನ್‌ಶಿಪ್, ಪಿಪಿಒದಲ್ಲಿ ಹೆಸರು, ಸರಳ ಉಯಿಲು. ದೊಡ್ಡ ಟ್ರಸ್ಟಿನ ವಾರ್ಷಿಕ ಖರ್ಚು ಈ ಮನೆಗೆ ಹೊರೆ.

ತಾತನ ಜಮೀನಿನಲ್ಲಿ ಪಾಲು ಬಂದಿದೆ, ಅಣ್ಣತಮ್ಮಂದಿರು ಭಾಗಕ್ಕೆ ಅವಸರಪಡಿಸುತ್ತಿದ್ದಾರೆ: ಪಾಲುದಾರರಲ್ಲದ ಗಾರ್ಡಿಯನ್, ಆ ಒಂದು ವ್ಯವಹಾರಕ್ಕೆ ಜಿಲ್ಲಾ ನ್ಯಾಯಾಲಯ, ಉಚಿತ ವಕೀಲರು. ಅವಸರಕ್ಕೆ ಮಣಿಯಬೇಡಿ.

ಒಂದೇ ಮಗು, ಒಡಹುಟ್ಟಿದವರಿಲ್ಲ, ಆಸ್ತಿ ಸಾಕಷ್ಟಿದೆ: ಈಗಲೇ ಟ್ರಸ್ಟ್. ನೋಂದಾಯಿತ ಸಂಸ್ಥೆಯನ್ನೂ ಗಾರ್ಡಿಯನ್ ಮಾಡಬಹುದು. ಸಂಸ್ಥೆ ಆರಿಸುವಾಗ ಮಗುವನ್ನು ಅಲ್ಲಿ ಕೆಲವು ವಾರ ಇರಿಸಿ ನೋಡಿ. ಆರೈಕೆ ಮಾಡುವ ಸಂಸ್ಥೆಗೇ ಟ್ರಸ್ಟಿನ ಹಣದ ಅಧಿಕಾರ ಕೊಡಬೇಡಿ.

ಇವುಗಳ ಜತೆಗೆ ಯಾವ ಕಚೇರಿಯೂ ಕೇಳದ ಒಂದು ಕಾಗದ ಬರೆದಿಡಿ. ಅದಕ್ಕೆ ಕಾನೂನಿನ ಬಲವಿಲ್ಲ, ಆದರೆ ಹೊಸ ಗಾರ್ಡಿಯನ್ ಮೊದಲ ದಿನ ಹುಡುಕುವುದು ಅದನ್ನೇ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ. ಫಿಟ್ಸ್ ಬಂದರೆ ಎಷ್ಟು ನಿಮಿಷ ಕಾದು ಆಸ್ಪತ್ರೆಗೆ ಹೊರಡಬೇಕು. ಹೊಟ್ಟೆನೋವನ್ನು ಅವನು ಹೇಗೆ ತೋರಿಸುತ್ತಾನೆ. ಯಾವ ಸದ್ದಿಗೆ ಬೆದರುತ್ತಾನೆ. ಯಾರು ಮುಟ್ಟಿದರೆ ಸಹಿಸುವುದಿಲ್ಲ. ಸ್ನಾನಕ್ಕೆ ಬೇಡವೆಂದಾಗ ಏನು ಹೇಳಿದರೆ ಬರುತ್ತಾನೆ. ವೈದ್ಯರ ಹೆಸರು, ಯುಡಿಐಡಿ ಸಂಖ್ಯೆ, ಪಾಸ್‌ಬುಕ್, ಪಿಪಿಒ, ಉಯಿಲು ಎಲ್ಲಿವೆ ಎಂಬುದೂ ಅದರಲ್ಲಿರಲಿ. ಮಾತ್ರೆ ಬದಲಾದಾಗಲೆಲ್ಲ ತಿದ್ದಿ, ಕೆಳಗೆ ದಿನಾಂಕ ಹಾಕಿ, ಒಂದು ಪ್ರತಿಯನ್ನು ಗಾರ್ಡಿಯನ್ ಆಗಲಿರುವವರ ಕೈಗೆ ಈಗಲೇ ಕೊಡಿ.